ಬೇವಿನ ಕಟ್ಟೆ ಇದ್ದ ಜಾಗ

ನಾವು ಉಣ್ಣುತ್ತಿದ್ದ ಕಟ್ಟೆಯನ್ನು ಭಾನುವಾರ ರಜೆ ನೋಡಿ ಕೆಡವಿದರು. ಬೇವಿನ ಮರವನ್ನೂ ಕಡಿದರು.

ತೆಲುಗು ಸೀಮೆಯ ಪಟಾನ್‌ಚೆರುವಿನ ಗುಳಿಗೆ ಕಾರ್ಖಾನೆ ನಮ್ಮದು. ಪ್ಯಾಕಿಂಗ್‌ನಲ್ಲಿ ಇಡೀ ದಿನ ನಿಂತೇ ಕೆಲಸ. ಕೂರುವುದೆಂದರೆ ಊಟದ ಅರ್ಧ ತಾಸು, ಆ ಕಟ್ಟೆಯ ಮೇಲೆ. ಚಪ್ಪಲಿ ಕೆಳಗೆ ಬಿಟ್ಟು ಹತ್ತುತ್ತಿದ್ದೆವು. ಹೊಸಬಳಾಗಿ ಬಂದ ದಿನ ನಾನು ಡಬ್ಬಿ ಬಿಚ್ಚಲೂ ನಾಚಿ ದೂರ ನಿಂತಿದ್ದೆ. ವಿಜಯಪುರ ಕಡೆಯ ಶಿವದೇವಕ್ಕ ಮೊಣಕಾಲು ಸರಿಸಿ, "ಬಾರವ್ವಾ ಸುವರ್ಣಾ, ಇಲ್ಲೈತಿ ನಿನ್ನ ಜಾಗಾ" ಅಂದು ಅರ್ಧ ರೊಟ್ಟಿ ಮುರಿದು ಕೈಗಿಟ್ಟಳು. ಎಳ್ಳಮಾಸಿ ಹಬ್ಬದ ಮರುದಿನ ಆಕೆ ತರುತ್ತಿದ್ದ ಕಾಳು-ಸೊಪ್ಪಿನ ಭಜ್ಜಿಗೆ ತೆಲುಗಿನ ಜಯಮ್ಮನೂ ಕಾದಿರುತ್ತಿದ್ದಳು. ಯುಗಾದಿ ಹೊತ್ತಿಗೆ ಬೇವಿನ ಹೂ ಬೇಳೆಯೊಳಗೇ ಉದುರುತ್ತಿತ್ತು. ತೆಗೆಯದೆ ಉಣ್ಣುತ್ತಿದ್ದೆವು.

ಈಗ ಅಲ್ಲಿ ಕರಿ ಟೈಲ್ಸ್. ತುಳಿದರೆ ಒಳಗಿನ ಹರಳು ಅದುಮಿಕೊಂಡು ಚೂರು ಕರೆಂಟು ಹುಟ್ಟುತ್ತದಂತೆ. ಆ ಕರೆಂಟಿಗೆ ಗೋಡೆಯ ಬೋರ್ಡಿನ ಮೇಲೆ 'ನಮ್ಮ ಹೆಜ್ಜೆ, ನಮ್ಮ ಬೆಳಕು' ಅಂತ ಅಕ್ಷರ ಬೆಳಗುತ್ತವೆ. ನಡೆಯುವುದು ನಿಂತರೆ ಆರುತ್ತವೆ. ಕೂತವರಿಂದ ಕರೆಂಟು ಹುಟ್ಟುವುದಿಲ್ಲ, ಅದಕ್ಕೇ ಕಟ್ಟೆ ಬೇಡವಾಯಿತು.

ಟೈಲ್ಸ್ ಹಾಕಿದ ಮೇಲೆ ಒಂದು ದಿನ ಊಟದ ಗಂಟೆ ಹೊಡೆಯುತ್ತಲೇ ಸೂಪರ್‌ವೈಜರ್ ನಿಶಾಂತ ಓಡಿಬಂದ. ನಮ್ಮ ಕಡೆಯ ಹುಡುಗನೇ.

"ಅಕ್ಕಾರ, ಬೋರ್ಡ್ ನೋಡಾಕ ದೊಡ್ಡ ಸಾಹೇಬ್ರು ಬರಾಕತ್ತಾರ. ಊಟ ಆಮ್ಯಾಲೆ. ಅವರು ಹೋಗೂತನಾ ಇದರ ಮ್ಯಾಲ ಅಡ್ಡಾಡ್ರಿ."

"ಗಾಣದ ಎತ್ತು ಮಾಡಿದೇನೋ ತಮ್ಮಾ?" ಅಂದಳು ಶಿವದೇವಕ್ಕ. "ಎತ್ತಿಗರ ಹಿಂಡಿ ಹಾಕ್ತಾರಪಾ."

ಜಯಮ್ಮ ಕಿಸಕ್ಕನೆ ನಕ್ಕಳು. ಆದರೂ ನಡೆದೆವು. ಅಕ್ಷರ ಬೆಳಗಿದವು. ಶಿವದೇವಕ್ಕನ ಕಾಲು ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಮರ ಇದ್ದಲ್ಲಿಗೆ ಬಂದಾಗ ಆಕೆ ತಲೆಯೆತ್ತಿ ನೋಡಿದಳು. ಬರೀ ಬಿಸಿಲು. ಚಪ್ಪಲಿ ಬದಿಗೆ ಬಿಟ್ಟು, ಟೈಲ್ಸ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

ನಮ್ಮ ಕಾಲೂ ನಿಂತವು. ಬೋರ್ಡ್ ಆರಿತು. ಗೇಟಿನಲ್ಲಿ ಕಾರಿನ ಹಾರ್ನು.

"ಏಳ್ರಿ ಅಕ್ಕಾರ! ನನ್ನ ನೌಕರಿ ಹೊಕ್ಕೈತ್ರಿ!"

ಆಕೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು.

ನಿಶಾಂತ ನನ್ನ ಕಡೆ ತಿರುಗಿದ. "ಸುವರ್ಣಕ್ಕಾ, ನಿಮ್ಮದು ಗುತ್ತಿಗಿ ಕೆಲಸಾ. ನಾಳೆ ಗೇಟಿನೊಳಗ ಬಿಡಂಗಿಲ್ಲ ನೋಡ್ರಿ. ನೀವರ ನಡೀರಿ."

ಶಿವದೇವಕ್ಕ ಮೊಣಕಾಲು ಸರಿಸಿದಳು, ಅಷ್ಟೇ.

ನಾನು ಚಪ್ಪಲಿ ಬಿಟ್ಟೆ.

"ಒಲ್ಲೆ," ಅಂದೆ. "ಇದು ಉಣ್ಣೂ ಜಾಗಾ."