ತಾತನ ಮಚ್ಚಿಗೆ ಹೆದರಿದ ಮೊಮ್ಮಗಳು

ಸಂಜೆ ಮೇಕೆಗಳು ಊರಿಗೆ ಬರುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಮೊದಲು ಕಾಣುತ್ತಿದ್ದವಳು ವಾಣಿಶ್ರೀ. ಆರು ವರ್ಷದ ಹುಡುಗಿ, ಒಂದನೇ ಕ್ಲಾಸು. "ತಾತ ಬಂದ, ತಾತ ಬಂದ" ಎಂದು ಓಡಿಹೋಗಿ, ತಾತ ವೆಂಕಟರಾಮಪ್ಪನ ಹೆಗಲ ಮೇಲಿನ ಸೊಪ್ಪಿನ ಹೊರೆಯಿಂದ ಒಂದು ರೆಂಬೆ ಕಿತ್ತುಕೊಂಡು, ಅದನ್ನು ಮರಿಮೇಕೆಗೆ ತೋರಿಸಿ ಆಟವಾಡಿಸುತ್ತಾ ಮನೆಗೆ ಬರುತ್ತಿದ್ದಳು. ಕಾಮಸಮುದ್ರದ ಕಡೆಯ ಆ ಹಳ್ಳಿಯಲ್ಲಿ ಇದನ್ನು ನೋಡದವರೇ ಇರಲಿಲ್ಲ. "ವೆಂಕಟರಾಮಪ್ಪಂಗೆ ಅನ್ನೆರಡು ಮೇಕೆ, ಒಬ್ಳು ಮೊಮ್ಮಗಳು. ಅದಿಮೂರನ್ನೂ ಒಟ್ಟಿಗೇ ಒಡ್ಕೊಂಡು ಬತ್ತಾನೆ" ಎಂದು ಜನ ನಗುತ್ತಿದ್ದರು.

ಆ ವಾಣಿ ಈಗ ಹತ್ತು ದಿನದಿಂದ ಬೀದಿಗೆ ಬಂದಿರಲಿಲ್ಲ. ಮೇಕೆಯ ಕೊರಳಗಂಟೆ ಕೇಳಿಸಿದರೆ ಸಾಕು, ಒಳಗೆ ಓಡಿಹೋಗಿ ರಾಗಿಮೂಟೆಗಳ ಸಂದಿಯಲ್ಲಿ ಕೂತುಬಿಡುತ್ತಿದ್ದಳು.

ಮೊದಲನೆಯ ದಿನ ವೆಂಕಟರಾಮಪ್ಪ ಅದನ್ನು ಕಣ್ಣಾಮುಚ್ಚಾಲೆ ಅಂದುಕೊಂಡ. ಹೆಗಲಲ್ಲಿ ಸೊಪ್ಪು, ತಲೆಗೆ ಟವಲ್ಲು, ಕೈಯಲ್ಲಿ ಸೊಪ್ಪು ಕಡಿಯುವ ಮಚ್ಚು. ಹಾಗೇ ಒಳಗೆ ಬಂದು ಮೂಟೆಯ ಹಿಂದೆ ಬಗ್ಗಿ, "ಸಿಕ್ಕಾಕೊಂಡ್ಯಾ, ಬಂಗಾರು!" ಅಂದ. ಮಗು ಕಿಟಾರನೆ ಕಿರುಚಿತು. "ಬ್ಯಾಡ ತಾತ, ಬ್ಯಾಡ!" ಎಂದು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಿತು. ವೆಂಕಟರಾಮಪ್ಪ ಹಿಂದಕ್ಕೆ ಸರಿದ. ಅರವತ್ತೆಂಟು ವರ್ಷದಲ್ಲಿ ಯಾರೂ ಅವನನ್ನು ಕಂಡು ತಲೆಗೆ ಕೈ ಅಡ್ಡ ಹಿಡಿದಿರಲಿಲ್ಲ. ಅವನ ಮೇಕೆಗಳೇ ಅವನಿಗೆ ಹೆದರುತ್ತಿರಲಿಲ್ಲ!

ಹೆಂಡತಿ ಅಂಜಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಅಲ್ಲ ಎಂದಾಯಿತು. ತಾಯತ ಕಟ್ಟಿಸಿದಳು. ತಾಯತ ಕಟ್ಟಿದ ರಾತ್ರಿಯೂ ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದಿತು. ಅಷ್ಟರಲ್ಲಿ ನಲ್ಲಿಯ ಹತ್ತಿರ ಮಾತು ಶುರುವಾಗಿತ್ತು. ಪಕ್ಕದ ಮನೆಯ ಮಂಗಮ್ಮ ಬಿಂದಿಗೆ ಇಟ್ಟು ಕೇಳಿಯೇಬಿಟ್ಟಳು:

"ಅಲ್ಲ ಕಣಂಜಮ್ಮ, ನಿನ್ ಗಂಡ ಮಗೀಗೆ ಏನಾರಾ ಒಡ್ದಿದ್ನಾ? ಬೆಂಕಿ ಇಲ್ದೆ ಒಗೆ ಆಡ್ತದಾ?"

ಈ ಮಾತು ಸೊಸೆ ಕಲ್ಪನಳ ಕಿವಿಗೂ ಬಿತ್ತು. ಅವಳು ಬಂಗಾರಪೇಟೆಯ ಕಡೆ ಬಟ್ಟೆ ಹೊಲಿಯುವ ಕಂಪನಿಗೆ ಹೋಗುವವಳು. ಗಂಡ ಸುಧಾಕರ್ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಇಬ್ಬರೂ ಮನೆ ಸೇರುವ ಹೊತ್ತಿಗೆ ಮಗು ಉಂಡು ಮಲಗಿರುತ್ತಿತ್ತು. ಕಲ್ಪನ ಮಾವನಿಗೆ ಎದುರು ಮಾತಾಡಿದವಳಲ್ಲ. ಆದರೆ ಶನಿವಾರ ತಲೆ ತಗ್ಗಿಸಿ ಹೇಳಿದಳು: "ಸೋಮವಾರ ವಾಣೀನ ಬೇತಮಂಗಲಕ್ಕೆ ನಮ್ಮಮ್ಮನ ಮನೆಗೆ ಬಿಟ್ಟು ಬತ್ತೀನಿ. ಅಲ್ಲೇ ಇಸ್ಕೂಲಿಗೆ ಸೇರಿಸ್ತೀನಿ."

ವೆಂಕಟರಾಮಪ್ಪ ಎದ್ದು ಮೇಕೆ ಕೊಟ್ಟಿಗೆಗೆ ಹೋಗಿ ಕೂತ. ಮೊಮ್ಮಗಳು ತನ್ನಿಂದಾಗಿ ಮನೆ ಬಿಡುತ್ತಾಳೆ. ತಾನು ಮಾಡಿದ ತಪ್ಪೇನು ಎಂಬುದೇ ಅವನಿಗೆ ತಿಳಿಯಲಿಲ್ಲ. ಅಳು ಬಂತು, ಅತ್ತ.

ಭಾನುವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆ ಅರುಣಕುಮಾರಿ ಅಂಜಮ್ಮನ ಬಿ.ಪಿ. ಮಾತ್ರೆ ಕೊಡಲು ಬಂದಳು. ಅದೇ ಊರಿನ ಸೊಸೆ, ಎಲ್ಲರ ಮನೆ ಒಲೆಯವರೆಗೂ ಗೊತ್ತಿದ್ದವಳು. ಮಾತ್ರೆ ಕೊಟ್ಟು, ಮನೆಯವರ ಮುಖ ನೋಡಿ, ಚಾಪೆ ಎಳೆದುಕೊಂಡು ಕೂತಳು.

"ಏನತ್ತೆ, ಎಲ್ರೂ ಇಂಗೆ ಕುಂತಿದೀರಿ?"

ಅಂಜಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಾ ಎಲ್ಲ ಹೇಳಿದಳು. ಅರುಣಕುಮಾರಿ ತಾಯತವನ್ನೂ ಹೀಗಳೆಯಲಿಲ್ಲ, ಮಂಗಮ್ಮನನ್ನೂ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು:

"ಮಗು ಫೋನು, ಟೀವಿ ನೋಡ್ತದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯಲ್ಲಿ ಕೂತು ಫೋನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ ಸುಧಾಕರ್ ಥಟ್ಟನೆ ಫೋನನ್ನು ತೊಡೆಯ ಕೆಳಗೆ ಇಟ್ಟ. ಭಾನುವಾರ ಅವನಿಗೆ ಅದೊಂದೇ ಖುಷಿ. ಮಗಳನ್ನೂ ತೊಡೆಯ ಮೇಲೆ ಕೂರಿಸಿಕೊಂಡೇ ಆಡುತ್ತಿದ್ದ.

"ಏನಕ್ಕ, ನೀವೂ ಸುರು ಮಾಡಿದ್ರಾ? ಏನೇ ಆದ್ರೂ ಫೋನ್ ಮೇಲೆ ಆಕ್ತೀರಪ್ಪ. ನಾನು ಚಿಕ್ಕೋನಾಗಿದ್ದಾಗ ಕೆಜಿಎಫ್ ಟಾಕೀಸ್‌ನಾಗೆ ಫೈಟಿಂಗ್ ಪಿಚ್ಚರ್ ನೋಡಿಲ್ವಾ? ತಮಿಳು, ತೆಲುಗು, ಯಾವ್ದು ಬಿಟ್ಟಿದ್ದೆ? ನಾನೇನು ರೌಡಿ ಆದ್ನಾ?"

"ಇಲ್ಲಪ್ಪ, ಆಗ್ಲಿಲ್ಲ" ಅಂದಳು ಅರುಣಕುಮಾರಿ. "ಪಿಚ್ಚರ್ ನೋಡಿದೋರು, ಆಟ ಆಡಿದೋರೆಲ್ಲ ರೌಡಿ ಆಗ್ತಾರೆ ಅಂತ ಯಾರಾದ್ರೂ ಯೋಳಿದ್ರೆ ನಾನೂ ನಂಬಲ್ಲ. ಆ ಇಷ್ಯ ಓದಿದೋರೇ ಇನ್ನೂ ವಾದ ಮಾಡ್ತಾವ್ರೆ. ಆದ್ರೆ ಸುಧಾಕರ, ನೀನು ಟಾಕೀಸಿಗೆ ಓದಾಗ ನಿಂಗೆಷ್ಟು ವಯಸ್ಸು?"

"ಅನ್ನೆರಡು, ಅದಿಮೂರು."

"ಪಕ್ಕದಾಗೆ ಯಾರಿದ್ರು?"

"ನಮ್ಮಪ್ಪ."

"ಇವಳಿಗೆ ಆರು. ಪಕ್ಕದಾಗೆ ಯಾರಿರ್ತಾರೆ?"

ಸುಧಾಕರ್ ಅಮ್ಮನ ಕಡೆ ನೋಡಿದ. ಅಂಜಮ್ಮನಿಗೆ ರೇಗಿತು.

"ನಾನಿರ್ತೀನಲ್ಲಮ್ಮ! ಉಣ್ಣೋವಾಗ ಮಾತ್ರ ಕೊಡೋದು, ಅದೂ ನಮ್ಮ ಅಳೇ ಫೋನು. ಬೊಂಬೆಯಾಟ ಆಕ್ಕೊಡ್ತೀನಿ. ಫೋನಿದ್ರೆ ಮುದ್ದೆ ಗುಳುಂ ಅಂತ ನುಂಗ್ತಾಳೆ. ಇಲ್ದಿದ್ರೆ ತುತ್ತಿಗೊಂದು ತಕರಾರು."

"ಅತ್ತೆ, ಆ ಬೊಂಬೆಯಾಟ ಆದ್ಮೇಲೆ ಏನು ಬತ್ತದೆ?"

ಅಂಜಮ್ಮನಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಮಗುವಿನ ಕಡೆ ತಿರುಗಿಸಿ, ತಾನು ಎದುರಿಗೆ ಕೂತು ತುತ್ತು ಇಡುವವಳು ಅವಳು. ಸದ್ದೆಲ್ಲ ಬೊಂಬೆಯಾಟದ್ದೇ ಅಂದುಕೊಂಡಿದ್ದಳು. ಮೂರು ತಿಂಗಳಿಂದ ಅವಳು ನೋಡಿದ್ದು ಫೋನಿನ ಬೆನ್ನು ಮಾತ್ರ. ಆ ಬೆನ್ನಿನ ಮೇಲೆ ಒಂದು ನವಿಲಿನ ಚಿತ್ರ ಇತ್ತು, ಅಷ್ಟೆ.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನಾವಿನ್ನೂ ಕಂಡೇ ಇಲ್ಲ" ಅಂದಳು ಅರುಣಕುಮಾರಿ. "ಈಗ ಉಣ್ಣೋ ಒತ್ತು. ದಿನಾ ಎಂಗೆ ಕೊಡ್ತೀರೋ ಅಂಗೇ ಕೊಡಿ. ಕೆಟ್ಟದ್ದು ಬಂದ್ರೆ ಆಫ್ ಮಾಡಾಣ. ಮಾವ, ನೀವು ಮಗೀನ ಇಂದ್ಗಡೆ ಕೂತ್ಕೊಂಡು ನೋಡಿ."

ವಾಣಿ ಬಂದು ಕೂತಳು. ತಾತನ ಕೈಯನ್ನು ಒಮ್ಮೆ ನೋಡಿದಳು. ಕೈ ಬರಿದಾಗಿತ್ತು. ಆಮೇಲೆ ಫೋನಿನ ಕಡೆ ತಿರುಗಿದಳು. ವೆಂಕಟರಾಮಪ್ಪ ಗೋಡೆಗೆ ಒರಗಿ, ಕನ್ನಡಕ ಏರಿಸಿಕೊಂಡು ಮೊಮ್ಮಗಳ ತಲೆಯ ಮೇಲಿಂದ ನೋಡತೊಡಗಿದ.

ಮೊದಲು ಒಂದು ಮೊಲ ಕುಣಿಯಿತು. ಆಮೇಲೆ ಕೋಳಿಮರಿ ಹಾಡಿತು. ಅದು ಮುಗಿದ ಕೂಡಲೇ, ಯಾರೂ ಮುಟ್ಟದೆಯೇ, ಸಿನಿಮಾದ ಗಡ್ಡದವನೊಬ್ಬ ಮಚ್ಚು ಬೀಸುತ್ತಾ ಬಂದ, ಹಿಂದೆ ಜೋರು ಹಾಡು. ಅರುಣಕುಮಾರಿ ಕೈ ಮುಂದೆ ಮಾಡುವಷ್ಟರಲ್ಲಿ ಅದೂ ಮುಗಿಯಿತು. ಆಮೇಲೆ ಯಾವುದೋ ಊರಿನ ಬೀದಿ, ಕಂಬದ ಮೇಲಿನ ಕ್ಯಾಮೆರಾ ಹಿಡಿದ ನಿಜವಾದ ದೃಶ್ಯ, ಸುತ್ತ ಕೆಂಪು ಅಕ್ಷರ, ಢಂ ಢಂ ಎಂಬ ಸದ್ದು. ಪಂಚೆ ಎತ್ತಿ ಕಟ್ಟಿದ, ತಲೆಗೆ ಟವಲ್ಲು ಸುತ್ತಿದ ಒಬ್ಬ ಮುದುಕ ಕೈಯಲ್ಲಿ ಮಚ್ಚು ಹಿಡಿದು ಒಂದು ಮನೆಯ ಬಾಗಿಲಿಗೆ ನುಗ್ಗುತ್ತಿದ್ದ. ಒಳಗಿಂದ ಒಬ್ಬ ಹೆಂಗಸು ತಲೆಗೆ ಕೈ ಅಡ್ಡ ಹಿಡಿದು ಓಡಿ ಬಂದಳು.

ವಾಣಿಯ ಬಾಯಿ ತಾನಾಗಿ ತೆರೆದಿತ್ತು. ಅಂಜಮ್ಮ ಅದರಲ್ಲಿ ತುತ್ತು ಇಟ್ಟಳು. ಮಗು ಗುಳುಂ ಎಂದು ನುಂಗಿತು.

ಅರುಣಕುಮಾರಿ ಕೈಚಾಚಿ ಫೋನನ್ನು ಮಗುಚಿದಳು. ವೆಂಕಟರಾಮಪ್ಪ ಕನ್ನಡಕ ತೆಗೆದ. ಆ ಪಂಚೆ, ಆ ಟವಲ್ಲು, ಆ ಮಚ್ಚು. ಅವನು ತನ್ನನ್ನೇ ಕನ್ನಡಿಯಲ್ಲಿ ನೋಡಿದಂತಿತ್ತು.

"ವಾಣಿ, ಅದ್ಯಾರಮ್ಮ?" ಎಂದು ಅರುಣಕುಮಾರಿ ಮೆಲ್ಲಗೆ ಕೇಳಿದಳು.

"ಒಂದು ತಾತ" ಅಂದಳು ವಾಣಿ. "ಅವ್ರ ಅಜ್ಜೀನ ಒಡೀತದೆ. ಮಗೂನೂ ಒಡೀತದೆ. ಮೊದ್ಲು ಆ ತಾತ ಒಳ್ಳೇದೇ ಅಂತೆ. ಸಾಯಂಕಾಲ ಮಚ್ಚು ತಕ್ಕೊಂಡು ಬಂತಂತೆ."

ಅಂಜಮ್ಮನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಅಯ್ಯೋ ರಾಮ! ನಾನೇ ನನ್ ಕೈಯಾರ ಉಣ್ಣಿಸ್ತಿದ್ನಲ್ಲೇ ಇದನ್ನ!"

"ನಿಮ್ಮ ತಪ್ಪಲ್ಲ ಅತ್ತೆ, ನಿಮ್ಗೆ ಕಾಣಿಸ್ತಿರಲಿಲ್ಲ" ಅಂದಳು ಅರುಣಕುಮಾರಿ. "ದೊಡ್ಡೋರಿಗೆ ಇದು ಯಾವ್ದೋ ಊರಿನ ಸುದ್ದಿ ಅಂತ ಗೊತ್ತು. ಇಷ್ಟು ಚಿಕ್ಕ ಮಕ್ಳಿಗೆ ಯಾವ್ದು ಸಿನಿಮಾ, ಯಾವ್ದು ನಿಜ, ಯಾವ್ದು ನಮ್ಮನೆ, ಯಾವ್ದು ಬೇರೆ ಮನೆ ಅಂತ ಬಿಡಿಸಿ ನೋಡಕ್ಕಾಗಲ್ಲ. ಕೆಲವು ಮಕ್ಳು ಎದುರ್ಕೊತಾವೆ, ನಿದ್ದೆ ಕೆಡ್ತದೆ. ಕೆಲವು ತಾವೂ ಅಂಗೇ ಒಡೆಯಕ್ಕೆ ಓಗ್ತಾವೆ. ಕೆಲವಕ್ಕೆ ಏನೂ ಆಗಲ್ಲ. ನಮ್ಮ ಮಗು ಯಾವ ತರ ಅಂತ ಪಕ್ಕದಾಗೆ ಕೂತೋರಿಗೇ ಗೊತ್ತಾಗೋದು."

ಸುಧಾಕರ್ ತೊಡೆಯ ಕೆಳಗಿದ್ದ ತನ್ನ ಫೋನನ್ನು ಹೊರಗೆ ತೆಗೆದ. ಹೋದ ಭಾನುವಾರದ ಮಾತು ಅವನಿಗೆ ನೆನಪಾಗಿತ್ತು. ತೊಡೆಯ ಮೇಲೆ ಕೂತು ವಾಣಿ ಕಿವಿಯಲ್ಲಿ ಹೇಳಿದ್ದಳು, "ಅಪ್ಪ, ತಲೆಗೇ ಒಡಿ, ಬೇಗ ಸಾಯ್ತಾನೆ." ಆಗ ಅವನು ಬಿದ್ದು ಬಿದ್ದು ನಕ್ಕಿದ್ದ. ಈಗ ನಗು ಬರಲಿಲ್ಲ.

"ಅಕ್ಕ, ನಾನು ಆಟ ಬಿಡಬೇಕಾ?"

"ನೀನು ದೊಡ್ಡೋನು, ಆಡ್ಕೋ. ಇವಳನ್ನ ತೊಡೆ ಮೇಲೆ ಕೂರಿಸ್ಕೊಂಡು ಆಡ್ಬೇಡ. ಆಟ ಡೌನ್‌ಲೋಡ್ ಮಾಡೋ ಜಾಗದಾಗೆ ಅದು ಯಾವ ವಯಸ್ಸಿನೋರಿಗೆ ಅಂತ ನಂಬರ್ ಆಕಿರ್ತಾರೆ, ಅನ್ನೆರಡು, ಅದಿನಾರು, ಅದಿನೆಂಟು ಅಂತ. ನೋಡಿದ್ಯಾ ಯಾವತ್ತಾದ್ರೂ?"

ಸುಧಾಕರ್ ಆಗಲೇ ನೋಡಿದ. ಅವನ ಆಟಕ್ಕೆ ಹದಿನಾರು ಎಂದಿತ್ತು. ಮಗಳಿಗೆ ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಅವತ್ತೇ ಅವನು ಹಳೇ ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ತಾನಾಗಿ ಬರುವುದನ್ನು ನಿಲ್ಲಿಸಿದ. ಮಕ್ಕಳಿಗೆಂದೇ ಇರುವ ಕಾರ್ಯಕ್ರಮ ಮಾತ್ರ ಬರುವ ಹಾಗೆ ಮಾಡಿದ. ಊಟದ ಹೊತ್ತಿನಲ್ಲಿ ಫೋನು ಗೋಡೆಯ ಗೂಡಿನಲ್ಲಿ, ನೋಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಕಲ್ಪನ ಅಲ್ಲಿಯವರೆಗೂ ಬಾಗಿಲಲ್ಲೇ ನಿಂತಿದ್ದಳು. ಈಗ ಮಾವನ ಹತ್ತಿರ ಬಂದಳು.

"ಮಾವ, ನಾನು ಏನೇನೋ ಅಂದ್ಕೊಂಡೆ. ತಪ್ಪಾಯ್ತು. ನಾಳೆ ಬೇತಮಂಗಲಕ್ಕೆ ಓಗಲ್ಲ."

"ತಾಯಿ ಕಣಮ್ಮ ನೀನು. ಅಂದ್ಕೊಳ್ದೆ ಇದ್ರೇನೇ ತಪ್ಪು" ಅಂದ ವೆಂಕಟರಾಮಪ್ಪ. ಆಮೇಲೆ ಅರುಣಕುಮಾರಿಯ ಕಡೆ ತಿರುಗಿ, "ಅಮ್ಮಯ್ಯ, ಈ ಮಚ್ಚು ಎಲ್ಲಾದ್ರೂ ಬಚ್ಚಿಡ್ಲಾ?" ಎಂದು ಕೇಳಿದ.

"ಬ್ಯಾಡ ಮಾವ. ಬಚ್ಚಿಟ್ರೆ ಅದು ಕೆಟ್ಟದ್ದೇ ಅಂತ ಆಗ್ತದೆ. ಮಗೀಗೆ ಎಟುಕದ ಜಾಗದಾಗೆ ಇಡಿ, ನಿಮ್ ಕೆಲ್ಸ ಅವಳಿಗೆ ಕಾಣೋ ಅಂಗೆ ಮಾಡಿ. ಬಾ ಅಂತ ಬಲವಂತ ಮಾಡ್ಬೇಡಿ. ನಾನು ಬುಧವಾರ ಬಂದು ನೋಡ್ತೀನಿ."

ಹೇಳಿದಷ್ಟು ಸುಲಭವಾಗಲಿಲ್ಲ. ಸೋಮವಾರ ಫೋನಿಲ್ಲದ ತಟ್ಟೆಯ ಮುಂದೆ ವಾಣಿ ಕಾಲು ಬಡಿದು ಅತ್ತಳು. ಅರ್ಧ ಮುದ್ದೆ ಹಾಗೇ ಉಳಿಯಿತು. ಮಂಗಳವಾರ ಅಂಜಮ್ಮನ ಕೈ ಎರಡು ಸಲ ಗೂಡಿನವರೆಗೂ ಹೋಗಿ ವಾಪಸು ಬಂತು. ಬುಧವಾರ ಅರುಣಕುಮಾರಿ ಬಂದಾಗ, "ಮಗು ಬಡವಾಗೋಯ್ತು ಕಣೆ" ಎಂದು ಜಗಳಕ್ಕೇ ನಿಂತಳು. ಅರುಣಕುಮಾರಿ ನಕ್ಕು, "ಇನ್ನೆರಡು ದಿನ ತಡೀರಿ, ಕಥೆ ಯೋಳಿ ಉಣ್ಣಿಸಿ" ಅಂದಳು. ಅಂಜಮ್ಮನಿಗೆ ಕಥೆಗೇನು ಬರವೇ? ಸುಳ್ಳೋ ನಿಜವೋ, ಊರಿನ ನರಿಗಳೆಲ್ಲ ಒಂದೊಂದಾಗಿ ಹೊರಬಂದವು. ಶುಕ್ರವಾರ ಒಂದು ಇಡೀ ಮುದ್ದೆ ಹೊಟ್ಟೆ ಸೇರಿತು, ಅದೂ ಹುರುಳಿ ಸಾರಿನ ರುಚಿ ಗೊತ್ತಾಗುವ ಹಾಗೆ ಸಮಾಧಾನವಾಗಿ.

ವೆಂಕಟರಾಮಪ್ಪ ದಿನಾ ಸಂಜೆ ಅಂಗಳದಲ್ಲಿ ಕೂತು ಮರಿಗೆ ಹಲಸಿನ ಸೊಪ್ಪು ಕಡಿದು ಹಾಕತೊಡಗಿದ. ಯಾರನ್ನೂ ಕರೆಯಲಿಲ್ಲ. ಮರಿಯ ಜೊತೆಗೇ ಮಾತು. "ತಿನ್ನಪ್ಪ, ಎಳೇದು ಕಣ್ಲಾ, ನಿಂಗೋಸ್ಕರ ಮರ ಅತ್ತಿ ತಂದೆ" ಎನ್ನುತ್ತಿದ್ದ. ಮೊದಲ ದಿನ ಎರಡು ಕಣ್ಣು ಕಿಟಕಿಯಲ್ಲಿ ಕಂಡವು. ನಾಲ್ಕನೇ ದಿನ ಬಾಗಿಲಲ್ಲಿ ಎರಡು ಪುಟ್ಟ ಕಾಲು. ಎಂಟನೇ ದಿನ ವಾಣಿ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ತಲೆ ಎತ್ತಲಿಲ್ಲ. ಎತ್ತಿದರೆ ಓಡಿಹೋದಾಳು ಎಂಬ ಭಯ.

ಹನ್ನೆರಡನೇ ದಿನ ಅವನ ಪಕ್ಕದಲ್ಲಿ ನೆರಳೊಂದು ಬಂದು ನಿಂತಿತು. ವೆಂಕಟರಾಮಪ್ಪ ಮಚ್ಚನ್ನು ಮೆಲ್ಲಗೆ ನೆಲಕ್ಕಿಟ್ಟ. ವಾಣಿ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಡಿದು ಹಾಕಿದ್ದ ಸೊಪ್ಪಿನಿಂದ ಒಂದು ರೆಂಬೆ ಎತ್ತಿ, ಮೂಗು ಮುರಿದಳು.

"ಏನ್ ತಾತ, ಇಷ್ಟು ದಪ್ಪ ಐತೆ. ಮರಿ ಬಾಯಿಗೆ ಇಡಿಯಲ್ಲ. ಸಣ್ಣಕ್ಕೆ ಕಡಿ."

"ಸಣ್ಣಕ್ಕೇ ಕಡೀತೀನಿ ಬಂಗಾರು. ನೀನು ಆ ಕಲ್ಲಿನತ್ರ ನಿಂತ್ಕೊ" ಅಂದ ವೆಂಕಟರಾಮಪ್ಪ. ವಾಣಿ ಕಲ್ಲಿನ ಹತ್ತಿರ ನಿಂತಳು. ಅವನು ಮಚ್ಚು ತೆಗೆದುಕೊಂಡ. ಮಗು ಓಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ ತಾತಂದಿರೇ, ಇದು ಫೋನನ್ನು ಬಾವಿಗೆ ಎಸೆಯಿರಿ ಎಂದು ಹೇಳುವ ಕಥೆಯಲ್ಲ. ಮಕ್ಕಳನ್ನು ಬಡಿದು ಫೋನು ಕಸಿದುಕೊಳ್ಳಿ ಎಂದೂ ಅಲ್ಲ. ಕೆಲಸಕ್ಕೆ ಹೋಗುವವರ ಕಷ್ಟ, ಉಣ್ಣದ ಮಗುವಿನ ಹಟ, ಎರಡೂ ನಮಗೆ ಗೊತ್ತು. ಆದರೆ ಬೀದಿಯಲ್ಲಿ ಮಚ್ಚು ಬೀಸುವವನನ್ನು ನಾವು ಮನೆಯೊಳಗೆ ಕರೆದು ಮಗುವಿನ ಎಲೆಯ ಮುಂದೆ ಕೂರಿಸುತ್ತೇವೆಯೇ? ಫೋನಿನಲ್ಲಿ ಅವನು ಕರೆಯದೆಯೇ ಬರುತ್ತಾನೆ. ನಿಮ್ಮ ಮಗು ಇದ್ದಕ್ಕಿದ್ದಂತೆ ಹೆದರತೊಡಗಿದರೆ, ನಿದ್ದೆಯಲ್ಲಿ ಬೆಚ್ಚಿದರೆ, ಸುಮ್ಮಸುಮ್ಮನೆ ಹೊಡೆಯಲು ಹೋದರೆ, ಮೊದಲು ಹತ್ತಿರ ಕೂರಿಸಿಕೊಂಡು ಏನು ನೋಡಿದೆ ಎಂದು ಕೇಳಿ. ವಾರಗಳಾದರೂ ಕಡಿಮೆಯಾಗದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಮನಸ್ಸಿನ ಆರೋಗ್ಯಕ್ಕೆಂದು ಸರ್ಕಾರ ನಡೆಸುವ ಸಹಾಯವಾಣಿ 14416 ನಂಬರಿಗೆ ಫೋನ್ ಮಾಡಿ. ಅದಕ್ಕೆ ದುಡ್ಡು ಬೀಳುವುದಿಲ್ಲ.

ಇವತ್ತು ಊಟದ ಹೊತ್ತಿಗೆ ನೀವು ಕೂರುವ ಜಾಗ ಬದಲಿಸಿ. ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕೂರಿ. ಫೋನಿನ ಬೆನ್ನು ನೋಡಿದ್ದು ಸಾಕು, ಮುಖ ನೋಡಿ.