ಹೊಗೆ ಹೋಗುವ ದಾರಿ

"ಮುಂದಿನ ಸಲ ಪೈಪ್ ಮುರಿದ್ರೆ ಕತ್ತರಿಸಲ್ಲ ಕಣಮ್ಮ. ಹಿಂದಕ್ಕೆ ಎಳೆದು ಹೊರಗೆ ಬಿಡ್ತೀನಿ. ಹೊಗೆ ಒಳಗೆ ಬರಲ್ಲ, ಇದು ನನ್ನ ಮಾತು."

ವೆಲ್ಡರ್ ತನ್ನ ತಮ್ಮನ ಹೆಂಡತಿಗೆ ಹೀಗೆ ಹೇಳಿದ ಕಾಲಕ್ಕೆ ಅವಳ ಮಗಳಿಗೆ ಹಾಲುಹಲ್ಲು ಬೀಳುತ್ತಿದ್ದವು. ಈಗ ಆ ಮಗಳ ಕಂಕುಳಲ್ಲಿ ಅವಳದೇ ಕೂಸು. ತಮ್ಮನ ಹೆಣ ನಡುಮನೆಯಲ್ಲಿ ಚಾಪೆಯ ಮೇಲಿತ್ತು. ವೆಲ್ಡರ್ ಮಾತ್ರ ಅಂಗಳದಲ್ಲಿ, ತಮ್ಮನ ಹಳೇ ಪೆಟ್ರೋಲ್ ಜೀಪಿನ ಅಡಿಗೆ ಅಂಗಾತ ತೂರಿಕೊಂಡು, ತುಕ್ಕು ತಿಂದ ಕ್ಲಾಂಪಿಗೆ ಸ್ಪ್ಯಾನರ್ ಕೊಟ್ಟು ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಬೋಲ್ಟು ಮಿಸುಕಲಿಲ್ಲ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು.

ಪಕ್ಕದ ಮನೆಯ ಟೈಲರ್ ಬಂದು ಜೀಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಏನಯ್ಯ, ಹೆಣ ಒಳಗಿಟ್ಕೊಂಡು ಗ್ಯಾರೇಜ್ ತೆಗೆದಿದ್ದೀಯ? ಸಮಾಧಾನ ಹೇಳೋಣ ಅಂತ ಬಂದ್ರೆ ಬರೀ ಪಾದ ಕಾಣ್ತಿದೆ. ಪಾದಕ್ಕೆ ಹೇಳಲಾ?"

"ಸುತ್ತಿಗೆ ಕೊಡು."

"ಕೊಡ್ತೀನಿ. ಒಳಗೆ ಹೆಂಗಸರು ಏನಂತಿದ್ದಾರೆ ಗೊತ್ತಾ? ಅಣ್ಣನಿಗೆ ತಲೆ ಕೆಟ್ಟಿದೆ ಅಂತಿದ್ದಾರೆ."

"ಅನ್ನಲಿ. ಸುತ್ತಿಗೆ ಕೊಡು."

ಸ್ಮಶಾನ ಇದ್ದದ್ದು ಗುಡ್ಡದ ತುದಿಯಲ್ಲಿ, ಕಲ್ಲುದಾರಿಯ ಕೊನೆಗೆ. ಬೆಳಿಗ್ಗೆ ಬಂದಿದ್ದ ಬಾಡಿಗೆ ವ್ಯಾನು ಮೊದಲನೇ ಏರಿನಲ್ಲೇ ಹಿಂದಕ್ಕೆ ಜಾರಿ ವಾಪಸ್ಸು ಹೋಗಿತ್ತು. ಆ ಏರು ಹತ್ತುವ ಗಾಡಿ ಇದೊಂದೇ. ಅದರ ಡ್ರೈವರ್ ಚಾಪೆಯ ಮೇಲಿದ್ದ. ಲಾರಿ ಓಡಿಸುವ ಅಳಿಯ ತಾನು ಹೊಡೆಯುತ್ತೇನೆ ಅಂದಿದ್ದ. ಹಿಂದೆ ಹೆಣದ ಪಕ್ಕ ತಾನು, ಮಗಳು, ಕೂಸು ಕೂರುವುದು ಎಂದು ತಮ್ಮನ ಹೆಂಡತಿ ಹೇಳಿದ್ದಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಇದೊಂದೇ ಮಾತು.

ಅವರು ಕೂರುವ ಹಲಗೆಯ ನೇರ ಕೆಳಗೆ ಇಂಜಿನ್ನಿನ ಹೊಗೆ ಬಿಡುವ ಪೈಪು ಮುಗಿಯುತ್ತಿತ್ತು.

ಅಳಿಯ ಮೋಡ ನೋಡುತ್ತಾ ಬಂದ. "ದೊಡ್ಡಮಾವ, ಒಂದು ಮಳೆ ಬಿದ್ರೆ ಈ ಟೈರು ಆ ಮಣ್ಣು ಹತ್ತಲ್ಲ. ಅಲ್ಲಿ ತೋಡಿಟ್ಟ ಗುಂಡಿಲೂ ನೀರು ನಿಲ್ಲುತ್ತೆ. ಇವತ್ತೊಂದು ದಿನ ಹೀಗೇ ಹೋಗಿಬಿಡೋಣ."

"ಅವನೂ ಇವತ್ತೊಂದು ದಿನ ಅಂತಿದ್ದ."

ಹೊಸ್ತಿಲಲ್ಲಿ ನಿಂತಿದ್ದ ಮಗಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನಿನ್ನೆವರೆಗೂ ಎಲ್ಲಿ ಹೋಗಿತ್ತು ದೊಡ್ಡಪ್ಪ, ಈ ಕಾಳಜಿ?"

ಜೀಪಿನ ಅಡಿಯಿಂದ ಸುತ್ತಿಗೆಯ ಪೆಟ್ಟು ಕೇಳಿಸಿತು. ಬೋಲ್ಟು ಕಿರ್ರೆಂದು ಬಿಟ್ಟಿತು.

*

ಕಲ್ಲುದಾರಿಯ ನಡುವೆ ಮೇಲೆದ್ದ ಬಂಡೆಯೊಂದಿತ್ತು. ಜನ ಅದನ್ನು ದವಡೆ ಅನ್ನುತ್ತಿದ್ದರು. ಎಷ್ಟು ಹುಷಾರಾಗಿ ಇಳಿಸಿದರೂ ಒಂದಲ್ಲ ಒಂದು ದಿನ ಅದು ಜೀಪಿನ ಸೈಲೆನ್ಸರ್ ಪೈಪನ್ನು ಕಚ್ಚಿಬಿಡುತ್ತಿತ್ತು. ತಮ್ಮ ಮುರಿದ ತುದಿಯನ್ನು ತಂತಿಯಲ್ಲಿ ಬಿಗಿದುಕೊಂಡು, ಊರೆಲ್ಲ ಕೇಳುವಂತೆ ಗಡಗಡ ಅನ್ನಿಸುತ್ತಾ ಅಣ್ಣನ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲುತ್ತಿದ್ದ.

"ಅಣ್ಣ, ಕತ್ತರಿಸಿಬಿಡು. ಮೋಟಾದಷ್ಟೂ ಒಳ್ಳೇದು, ದವಡೆಗೆ ಸಿಗಲ್ಲ."

"ಹೊಗೆ ಎಲ್ಲಿಗೆ ಹೋಗುತ್ತೋ?"

"ಎಲ್ಲಿಗೋ ಹೋಗುತ್ತೆ. ನಮ್ಮೂರಲ್ಲಿ ಗಾಳಿಗೇನು ಬರವಾ?"

"ಒಂದು ದಿನ ಗಾಡಿ ಬಿಟ್ಟು ಹೋಗೋ. ಪೈಪನ್ನ ಚಾಸಿ ಒಳಗಡೆಯಿಂದ, ಆಕ್ಸಲ್ ಮೇಲಿಂದ ಹಿಂದಕ್ಕೆ ತರ್ತೀನಿ. ಯಾವ ಬಂಡೆಗೂ ಸಿಗಲ್ಲ, ಹೊಗೆ ಬಾಡಿ ದಾಟಿ ಹೊರಗೆ ಹೋಗುತ್ತೆ."

"ಹಿಂದೆ ಬಸುರಿ ಕೂತಿದ್ದಾಳೆ ಅಣ್ಣ, ನೋವು ಶುರುವಾಗಿದೆ. ಬೇಕಾದ್ರೆ ನೀನೇ ಹೇಳು ಅವಳಿಗೆ, ನಾಳೆ ಹೆರು ಅಂತ."

ಕತ್ತರಿಸುವುದು ಒಂದು ಬೀಡಿ ಸೇದುವಷ್ಟರ ಕೆಲಸ. ಹಿಂದಕ್ಕೆ ತರುವುದು ಇಡೀ ಹಗಲಿನ ಕೆಲಸ. ಅಣ್ಣ ಗೊಣಗುತ್ತಲೇ ಕತ್ತರಿಸುತ್ತಿದ್ದ, ತಮ್ಮ ನಗುತ್ತಲೇ ಹೋಗುತ್ತಿದ್ದ. ಜೀಪು ಹತ್ತಿದವರಿಗೆಲ್ಲ ತಲೆನೋವು, ವಾಕರಿಕೆ. ಎಲ್ಲರೂ ಬೈದದ್ದು ದಾರಿಯ ತಿರುವುಗಳನ್ನು. ನಿಂಬೆಹಣ್ಣು ಮೂಸಿಕೊಂಡು ಕೂರುತ್ತಿದ್ದರು. ಅನುಮಾನ ಬಂದದ್ದು ತಮ್ಮನ ಹೆಂಡತಿಗೊಬ್ಬಳಿಗೇ. "ಭಾವ, ಇವರು ಮನೆಗೆ ಬಂದ್ರೆ ಅಂಗಿ ತುಂಬ ಹೊಗೆ, ತಲೆಗೂದಲಲ್ಲೂ ಹೊಗೆ. ಕತ್ತಲಲ್ಲಿ ಬಂದ್ರೂ ವಾಸನೆ ಮೇಲೇ ಇವರೇ ಅಂತ ಗೊತ್ತಾಗುತ್ತೆ. ಏನಾದ್ರೂ ಮಾಡಿ." ಅಣ್ಣ ಮಾತು ಕೊಟ್ಟದ್ದು ಆಗ.

ಆಮೇಲೂ ಪೈಪು ಮುರಿಯಿತು. ಆಮೇಲೂ ಬಸುರಿಯೋ ಮೇಷ್ಟರೋ ಹಿಂದೆ ಕೂತಿರುತ್ತಿದ್ದರು. ಗಾಡಿ ಇಡೀ ಒಂದು ದಿನ ನಿಂತದ್ದು ಇವತ್ತೇ.

*

ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇತ್ತು. ವೆಲ್ಡರ್ ಬಿಚ್ಚಿದ ಪೈಪನ್ನು ದೂರದ ಗೋಡೆಯ ಬುಡಕ್ಕೆ ಹೊತ್ತೊಯ್ದು, ಅಂಗಡಿಯಿಂದ ತರಿಸಿದ ಬಾಗಿದ ಪೈಪಿನ ತುಂಡುಗಳನ್ನು ಒಂದಕ್ಕೊಂದು ಸೇರಿಸತೊಡಗಿದ. ವೆಲ್ಡಿಂಗಿನ ಬೆಳಕು ಕಿಟಕಿ ತೂರಿ ನಡುಮನೆಯ ಗೋಡೆಯ ಮೇಲೆ, ಮಲಗಿದವನ ಹಣೆಯ ಮೇಲೆ ಮಿನುಗಿತು. ಹೆಂಗಸರು ಮುಖ ತಿರುಗಿಸಿಕೊಂಡರು. ಹೆಂಡತಿ ತಿರುಗಿಸಿಕೊಳ್ಳಲಿಲ್ಲ.

ಪೈಪು ಕೂರಿಸಿದ ಮೇಲೆ ಎದ್ದು ಬಂದು ಅಂದ: "ಎಲ್ಲ ಹಿಂದೆ ಹತ್ತಿ ಕೂತ್ಕೊಳಿ."

"ಹೆಣ ಇನ್ನೂ ಒಳಗಿದೆಯಲ್ಲೋ?" ಎಂದ ಹೊರಲು ಬಂದವನೊಬ್ಬ.

"ಮೊದಲು ಬದುಕಿರೋರು. ಭಾರ ಬಿದ್ರೆ ಆಕ್ಸಲ್ ಮೇಲಕ್ಕೆ ಬರುತ್ತೆ, ಪೈಪಿಗೆ ತಾಗುತ್ತಾ ನೋಡಬೇಕು. ಹತ್ತಿ, ಸ್ವಲ್ಪ ಕುಣೀರಿ."

"ಸಾವಿನ ಮನೇಲಿ ಕುಣಿ ಅಂತಾನಲ್ಲಪ್ಪ ಪುಣ್ಯಾತ್ಮ!" ಬೈಯುತ್ತಲೇ ಹೆಣ ಹೊರಲು ಬಂದ ಗಂಡಸರು ಹತ್ತಿದರು, ಮುಖ ಗಂಟಿಕ್ಕಿಕೊಂಡೇ ಕುಣಿದರು. ಅಡಿಯಲ್ಲಿ ವೆಲ್ಡರ್ ಪೈಪಿಗೂ ಆಕ್ಸಲಿಗೂ ನಡುವೆ ಬೆರಳು ತೂರಿಸಿ ನೋಡಿದ. ಬೆರಳು ಜಜ್ಜಲಿಲ್ಲ.

ಟೈಲರ್ ಮಾತ್ರ ಹತ್ತಿರಲಿಲ್ಲ. ಮತ್ತೆ ಆ ಪಾದಗಳ ಹತ್ತಿರ ಕೂತ. ಈ ಸಲ ದನಿ ಸಣ್ಣಗಿತ್ತು.

"ನಿನ್ನೆ ಜೀಪ್ ಸ್ಟ್ಯಾಂಡಿಗೆ ನಾನು ಹೋಗಿದ್ದೆ."

ಅಡಿಯಲ್ಲಿ ಸ್ಪ್ಯಾನರ್ ತಿರುಗುತ್ತಲೇ ಇತ್ತು.

"ಜನ ಬರೋವರೆಗೂ ಅಂತ ನಿನ್ನ ತಮ್ಮ ಹಿಂದಿನ ಹಲಗೆ ಮೇಲೆ ಮಲಗಿದ್ದ. ಬ್ಯಾಟರಿ ವೀಕು, ಆರಿಸಿದ್ರೆ ಮತ್ತೆ ಹತ್ತಲ್ಲ ಅಂತ ಇಂಜಿನ್ ಹಾಗೇ ಬಿಟ್ಟಿದ್ದ. ಗಾಳಿ ಅಂದ್ರೆ ಗಾಳಿ. ಹಿಂದಿನ ಪರದೆ ಪಟಪಟ ಹೊಡ್ಕೊಳ್ತಿತ್ತು. ಪಾಪ, ನಿದ್ದೆ ಕೆಡುತ್ತೆ ಅಂತ..." ಟೈಲರ್ ಮೂಗು ಒರೆಸಿಕೊಂಡ. "ಪರದೆ ಗುಂಡಿ ಹಾಕಿದ್ದು ನಾನೇ ಕಣೋ. ಒಂದೂ ಬಿಡದೆ ಹಾಕಿದೆ. ನಾನೇ ಹೊಲಿದ ಪರದೆ."

ಜೀಪಿನಡಿಯಿಂದ ಮಾತು ಬಂತು.

"ಪರದೆ ನಿನ್ನದು. ಹೊಗೆ ನನ್ನದು. ಆ ತುದಿ ಹಿಡ್ಕೋ, ಪೈಪು ತೂಗೋ ರಬ್ಬರು ಹಾಕ್ತೀನಿ."

ಮೊದಲ ಹನಿ ಬಾನೆಟ್ಟಿನ ಮೇಲೆ ಬಿತ್ತು. "ಇನ್ನು ಕಾಯೋಕಾಗಲ್ಲ" ಎಂದು ಅಳಿಯ ಸೀಟಿಗೆ ಹಾರಿದ. ಗಂಡಸರು ತಳ್ಳಿದರು, ಇಂಜಿನ್ ಕೆಮ್ಮಿ ಹತ್ತಿಕೊಂಡಿತು. ಒಳಗಿಂದ ಹೆಣ ತಂದು ಹಿಂದೆ ಮಲಗಿಸಿದರು. ಮಗಳು ಕೂಸಿನೊಂದಿಗೆ ಹತ್ತಿ ಕೂತಳು.

ವೆಲ್ಡರ್ ಒದ್ದೆ ಚಿಂದಿಯನ್ನು ಪೈಪಿನ ಬಾಯಿಗೆ ತುರುಕಿ, ಹೊಗೆ ಎಲ್ಲಾದರೂ ಸೋರುತ್ತಿದೆಯೇ ಎಂದು ತಲೆ ಓರೆ ಮಾಡಿ ಆಲಿಸಿದ. ಮುಂದುಗಡೆ, ಎಲ್ಲೋ ಒಂದು ಕೀಲಿನಿಂದ, ಸಣ್ಣಗೆ ಬುಸ್ಸೆನ್ನುವ ಸದ್ದು.

"ಇಳಿಯೇ!"

ಅವನು ಆ ಮಗಳ ಮೇಲೆ ಒಮ್ಮೆಯೂ ದನಿಯೇರಿಸಿದವನಲ್ಲ.

"ದೊಡ್ಡಪ್ಪ, ಮಳೆ—"

"ಮಗೂನ ಇಳಿಸೇ ಅಂದ್ರೆ! ಇನ್ನೊಂದು ಹೆಣ ಹೊರೋಕೆ ನನ್ನ ಕೈಲಾಗಲ್ಲ, ಇಳಿ!"

ಅವಳು ಇಳಿದಳು. ಅವನು ಮತ್ತೆ ಅಡಿಗೆ ನುಗ್ಗಿದ. ಪೈಪು ಆಗಲೇ ಕಾದಿತ್ತು. ಕ್ಲಾಂಪಿನ ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಜಾರುತ್ತಿತ್ತು. ಒಂದು ಕೈಯಲ್ಲಿ ಪೈಪನ್ನೇ ಹಿಡಿದು ಇನ್ನೊಂದರಲ್ಲಿ ತಿರುಚಿದ. ಸುಟ್ಟ ಚರ್ಮದ ವಾಸನೆ ಹೊರಗಿದ್ದವರಿಗೂ ತಾಗಿತು. "ಬಿಡೋ, ಕೈ ಬಿಡೋ" ಎಂದು ಟೈಲರ್ ಕಾಲು ಹಿಡಿದು ಜಗ್ಗಿದ. ಅವನು ಬಿಡಲಿಲ್ಲ. ಬುಸ್ಸೆನ್ನುವುದು ನಿಂತಿತು.

ಹೊರಬಂದು ಚಿಂದಿ ಕಿತ್ತು ನೋಡಿದ. ಹೊಗೆ ಗಾಡಿಯ ಹಿಂಬದಿ ದಾಟಿ, ಬಲಕ್ಕೆ ತಿರುಗಿ, ಬಯಲಿಗೆ ಹೋಯಿತು.

"ಈಗ ಹತ್ತಿ" ಎಂದ.

ತಮ್ಮನ ಹೆಂಡತಿ ಹತ್ತಿದಳು. ಗಂಡನ ತಲೆಯ ಬಳಿ ಕೂತಳು. ಮಗಳು ಎದುರಿಗೆ. ಗಾಡಿ ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲಿ ಹೆಂಡತಿಯ ಮುಖದಲ್ಲಿ ಏನೋ ಕಳೆದುಹೋದವರ ಗಾಬರಿ ಕಾಣಿಸಿತು. ಹಲಗೆಯ ಸಂದಿಗೆ ಮೂಗು ಹಿಡಿದಳು. ಗಂಡನಿಗೆ ತೊಡಿಸಿದ್ದ ತೊಳೆದ ಅಂಗಿಯ ಮೇಲೆ ಬಾಗಿದಳು. ಕೂದಲಿಗೆ ಮೂಗು ತಾಗಿಸಿದಳು; ಅದನ್ನೂ ಬೆಳಿಗ್ಗೆ ತೊಳೆದಿದ್ದರು.

"ಭಾವ," ಎಂದಳು, "ವಾಸನೆನೇ ಇಲ್ಲ."

"ಇಲ್ಲಮ್ಮ. ಇನ್ನು ಬರಲ್ಲ."

"ವಾಸನೆನೇ ಇಲ್ಲವಲ್ಲ ಭಾವ!" ಎಂದು ಅವಳು ಎದೆ ಬಡಿದುಕೊಂಡಳು. ನಿನ್ನೆಯಿಂದ ಬಾರದ ಅಳು ಒಮ್ಮೆಲೇ ಬಂತು.

ಜೀಪು ಏರಿಗೆ ಮೂತಿ ಕೊಟ್ಟಿತು. ಮುಂದಿನ ಸೀಟು ಖಾಲಿಯಿದೆ, ಹತ್ತಿ ಎಂದು ಅಳಿಯ ಕೂಗಿದರೂ ವೆಲ್ಡರ್ ಹತ್ತಲಿಲ್ಲ. ಸುಟ್ಟ ಕೈಯನ್ನು ಮಳೆಗೆ ಒಡ್ಡಿಕೊಂಡು ಹಿಂದೆ ಹಿಂದೆ ನಡೆದ. ಟೈಲರ್ ಎಷ್ಟು ಪಕ್ಕಕ್ಕೆ ಎಳೆದರೂ ಪೈಪಿನ ನೇರಕ್ಕೇ ಬರುತ್ತಿದ್ದ. ಹೊಗೆಯೆಲ್ಲ ಅವನ ಅಂಗಿಗೆ, ಕೂದಲಿಗೆ ಬಡಿಯುತ್ತಿತ್ತು.

ಹೊಗೆ ಒಳಗೆ ಬರಲ್ಲ ಎಂದು ಮಾತು ಕೊಟ್ಟಿದ್ದ. ಬರಲಿಲ್ಲ.