ಲಿಬಿಯಾಕ್ಕೆ ಹೋದವನ ಹೆಸರು

“ಏನೇ, ಒನಕೆ ಎತ್ತಕ್ಕೂ ಗಳಿಗೆ ನೋಡ್ತಿದ್ದೀಯೇನೇ? ಕುಟ್ಟೇ ಬೇಗ! ನೆಂಟ್ರು ಬಂದು ಕುಂತವ್ರೆ, ಇವ್ಳ್ ನೋಡುದ್ರೆ ಸಜ್ಜೆ ಜೊತೆ ಸರಸ ಆಡ್ತಾವ್ಳೆ. ಬೇವರ್ಸಿ!”

ಹಾಜಿ ಎಗ್ಲೆಸ್‌ನ ಹೆಂಡತಿ ಚಾಪೆಯ ಮೇಲೆ ಒರಗಿಕೊಂಡೇ ಬೈಯುತ್ತಿದ್ದಳು. ಎದ್ದು ನಿಂತು ಬೈಯುವಷ್ಟು ಹಗುರಾದ ಮೈ ಅವಳದಲ್ಲ. ದೊಡ್ಡ ಕುಲದ ಹೆಂಗಸು ತಾನಾಗಿ ಏಳಬೇಕಾದ ಪ್ರಸಂಗವೂ ಆ ಮನೆಯಲ್ಲಿ ಬಂದದ್ದಿಲ್ಲ. ರೈಶಾ ಒನಕೆ ಎತ್ತಿದಳು. ಬೆಳಗಿನಿಂದ ಅದು ಹನ್ನೊಂದನೆಯ ಒರಳು.

ರೈಶಾಳ ಅಜ್ಜಿ ಈ ಮನೆಯ ಜೀತದಾಳು. ಅವಳ ಅವ್ವನೂ ಈ ಮನೆಯ ಜೀತದಾಳು. ಜೀತಕ್ಕೆ ಇಟ್ಟುಕೊಳ್ಳುವುದು ಅಪರಾಧವೆಂದು ರಾಜಧಾನಿಯಲ್ಲಿ ಕಾಯಿದೆಯಾಗಿ ಇಪ್ಪತ್ತು ವರ್ಷವಾದ ಮೇಲೆ ರೈಶಾ ಮಾತ್ರ ಈ ಮನೆಗೆ ‘ನೆರವಿಗೆ’ ಬರುತ್ತಿದ್ದಳು. ಕಾಯಿದೆಯಿಂದ ಬದಲಾದದ್ದು ಆ ಒಂದು ಪದ. ಅವಳ ಅಣ್ಣ ಬಾರ್ಕಾನೂ ಹಾಗೆಯೇ, ಹಾಜಿಯ ಚಿನ್ನದ ಗುಂಡಿಗೆ ‘ನೆರವಿಗೆ’ ಹೋಗಿದ್ದ. ಮರುಭೂಮಿಯ ಅಂಚಿನ ಅವರ ಊರು ಅಗಾದೆಝ್‌ನಿಂದ ಉತ್ತರಕ್ಕೆ ಮೂರು ದಿನದ ದಾರಿ, ಮರಳು ಬಿಟ್ಟರೆ ಇನ್ನೂ ಮರಳು. ಅಲ್ಲಿ ಹಗ್ಗಕ್ಕೆ ಜೋತು ನಲವತ್ತು ಮಾರು ಕೆಳಗಿಳಿದು ಕಲ್ಲು ಕೊರೆಯಬೇಕು.

ಹೋಗಿ ಒಂದೂವರೆ ವರ್ಷವಾಯಿತು. ಹಾಜಿ ಹೇಳಿದ್ದು: “ನಿಮ್ ಹುಡ್ಗ ಗಡಿ ದಾಟಿ ಲಿಬಿಯಾಕ್ಕೆ ಓಡೋದ. ನಿಯತ್ತಿಲ್ದ ಜಾತಿ.”

ಗೂಸ್ಮಾನ್ ಹೇಳಿದ್ದು ಬೇರೆ. ಗೂಸ್ಮಾನ್ ಅದೇ ಗುಂಡಿಯಲ್ಲಿ ಬಾರ್ಕಾನ ಜೊತೆಗಾರ. ಮಲಗಿದರೂ ಎದ್ದರೂ ‘ಬಾರ್ಕಾ, ಬಾರ್ಕಾ’ ಎನ್ನುತ್ತಿದ್ದವನು ಊರಿಗೆ ಬಂದು, ಇವರ ಗುಡಿಸಿಲ ಮುಂದೆ ಕೂತು, ನೆಲ ನೋಡುತ್ತ, “ನಿಮ್ಮೋನು…” ಎಂದ. ಅಷ್ಟೇ. ರೈಶಾಳ ಕೈಯಲ್ಲಿದ್ದ ಹಾಲಿನ ಬೋಗುಣಿ ಕೆಳಗೆ ಬಿತ್ತು. ಸತ್ತವರ ಹೆಸರನ್ನು ಆ ಮರುಭೂಮಿಯ ಜನ ಬಾಯಲ್ಲಿ ತರುವುದಿಲ್ಲ. ತಂದರೆ, ಯಾರೋ ಕರೆದರು ಎಂದು ಸತ್ತವನು ಎದ್ದು ಬರುತ್ತಾನೆ. ಗೂಸ್ಮಾನ್ ಹೆಸರು ನುಂಗಿದ್ದೇ ಸಾಕಾಗಿತ್ತು. ಉಳಿದದ್ದನ್ನು ಅವನು ಆಮೇಲೆ ಹೇಳಿದ: ಗುಂಡಿಯ ಗೋಡೆ ಕುಸಿಯಿತು. ಅಗೆದು ತೆಗೆಯಲು ನಾಲ್ಕು ದಿನ ಬೇಕಿತ್ತು. ಹಾಜಿ ಫೋನಿನಲ್ಲೇ, “ಮುಚ್ರೋ, ಪಕ್ಕುದ್ರಲ್ಲಿ ಹೊಸದು ತೋಡ್ರಿ” ಎಂದ. ಬಾಯಿ ಬಿಟ್ಟವನಿಗೆ ಅದೇ ಗುಂಡಿ ಎಂದೂ ಸೇರಿಸಿದ.

ಅವ್ವ ಮೌಲ್ವಿಯ ಕಾಲು ಹಿಡಿದಳು. “ಹೆಣ ಎಲ್ಲಿ?” ಎಂದ ಮೌಲ್ವಿ. “ಹೆಣ ಇಲ್ದೆ ನಮಾಜ್ ಇಲ್ಲ. ಹಾಜಿ ಅವ್ರು ಬದುಕವ್ನೆ ಅಂತಾರಲ್ಲ, ಅವ್ರೇನ್ ಸುಳ್ಳಾಡ್ತಾರಾ? ನಿಮ್ಮಂಥೋರ್ ಥರಾನಾ?” ಅಳುವುದಕ್ಕೂ ಅಪ್ಪಣೆಯಿರಲಿಲ್ಲ. ಬದುಕಿರುವವನಿಗಾಗಿ ಅಳುವುದು ಅಪಶಕುನ.

ರೈಶಾ ಠಾಣೆಗೆ ಹೋದಳು. ಹಾಜಿ ಅವಳಿಗಿಂತ ಮೊದಲೇ ಅಲ್ಲಿ ಕೂತು ಮೂರನೆಯ ಲೋಟ ಚಹಾ ಹೀರುತ್ತಿದ್ದ. ಠಾಣಾಧಿಕಾರಿ ದಕ್ಷಿಣದ ನದಿ ಸೀಮೆಯವನು, ಮರುಭೂಮಿಗೆ ವರ್ಗವಾದದ್ದಕ್ಕೆ ಎಲ್ಲರ ಮೇಲೂ ಮುನಿಸು.

“ಯಾರು ಸತ್ತಿದ್ದು? ಹೆಸರು ಹೇಳು.”

“ನಮ್ಮಣ್ಣ, ಸ್ವಾಮಿ.”

“ಅಣ್ಣ ಅನ್ನೋದು ಹೆಸರೇನಮ್ಮಾ? ನನಗೂ ಇದಾನೆ ಅಣ್ಣ. ಹೆಸರು, ಹೆಸರು!”

“ನಮ್ಮಣ್ಣ,” ಎಂದೇ ರೈಶಾ ಮತ್ತೆ ಅಂದಳು. ಅಧಿಕಾರಿ ಹಾಜಿಯ ಕಡೆ ತಿರುಗಿ, “ನೀವಾದರೂ ಹೇಳಿ, ನಿಮ್ಮ ಆಳಲ್ಲವೇ?” ಎಂದ. ಹಾಜಿ ಕೆಮ್ಮಿದ. ಆ ಸೀಮೆಯ ಗಂಡಸರು ಮುಖಕ್ಕೆ ಸುತ್ತುವ ಮುಸುಕನ್ನು ಸರಿಪಡಿಸಿಕೊಂಡ. “ಅದೇ, ಆ ಹುಡ್ಗ… ಲಿಬಿಯಾಕ್ಕೆ ಹೋದ್ನಲ್ಲ, ಅವ್ನು. ಇಂಥವ್ರ ಹೆಸ್ರೆಲ್ಲ ಯಾರಿಗ್ ನೆನಪಿರ್ತದೆ?” ಕಾಗದದಲ್ಲಿ ‘ಒಬ್ಬ ಕೂಲಿ, ಲಿಬಿಯಾಕ್ಕೆ ತೆರಳಿದ್ದಾನೆ’ ಎಂದು ದಾಖಲಾಯಿತು. ರೈಶಾ ಬಿಸಿಲಿಗೆ ಬಂದಳು. ನಡೆಯುತ್ತ ನಡೆಯುತ್ತ ಒಂದೇ ಸಂಗತಿ ತಲೆಯಲ್ಲಿ ಕುಟ್ಟತೊಡಗಿತು: ಹಾಜಿಯೂ ಹೆಸರು ಹೇಳಲಿಲ್ಲ.

ಹೋದ ತಿಂಗಳು ಹಾಡು ಬಂತು.

ಬಾರ್ಕಾ ಮೂರು ತಂತಿಯ ಗಿಟಾರಿನಲ್ಲೂ ಆರು ತಂತಿಯ ಮಾತನ್ನಾಡಿಸುತ್ತಿದ್ದವನು. ಗುಂಡಿಗೆ ಹೋಗುವ ಹಿಂದಿನ ವಾರ ಯಾರದೋ ಮದುವೆಯಲ್ಲಿ ಬಾರಿಸಿದ್ದ. ನುಡಿಸುವವನನ್ನು ಹೆಂಗಸರು ಹೆಸರು ಹಿಡಿದು ಹುರಿದುಂಬಿಸುವುದು ಪದ್ಧತಿ. ರೈಶಾ ಗಂಟಲು ಹರಿಯುವಂತೆ “ಬಾರ್ಕಾ!” ಎಂದು ಕೂಗಿದ್ದಳು. ಒಬ್ಬ ಅದನ್ನು ಫೋನಿನಲ್ಲಿ ಹಿಡಿದ. ಅದು ಮೆಮೊರಿ ಕಾರ್ಡಿನಿಂದ ಕಾರ್ಡಿಗೆ ಹಾರುತ್ತ, ಟ್ರಕ್ಕು, ಗಡಿ, ಸಮುದ್ರ ದಾಟಿ ಯೂರೋಪಿನ ಯಾವನೋ ಹುಡುಗನ ಕಂಪ್ಯೂಟರ್ ಸೇರಿತು. ಅವನು ಗಿಟಾರಿನ ಕೆಳಗೆ ಯಂತ್ರದ ಡೋಲು ಕೂರಿಸಿದ, ಕೈಚಪ್ಪಾಳೆಯನ್ನು ಕತ್ತರಿಸಿ ಹೆಣೆದ. ಅಷ್ಟು ದೊಡ್ಡ ಹಾಡಿನಲ್ಲಿ ಅವನಿಗೆ ಬಹಳ ಹಿಡಿಸಿದ್ದು ರೈಶಾಳ ಕೂಗು. ಅದರ ಅರ್ಥ ಕೇಳುವ ಗೋಜಿಗೆ ಹೋಗಲಿಲ್ಲ. ಕೇಳಲು ಅವನಿಗೆ ಯಾರ ವಿಳಾಸವೂ ಗೊತ್ತಿರಲಿಲ್ಲ. ಬಾರ್-ಬಾರ್-ಬಾರ್-ಬಾರ್ಕಾ, ಬಾರ್-ಬಾರ್-ಬಾರ್-ಬಾರ್ಕಾ: ಒಂದೇ ಹಾಡಿನಲ್ಲಿ ಅರವತ್ತನಾಲ್ಕು ಸಲ.

ರೀಮಿಕ್ಸ್ ಊರಿಗೆ ಮರಳಿ ಬಂದು ಟ್ಯಾಕ್ಸಿ ಟ್ಯಾಕ್ಸಿಯಲ್ಲೂ ಮೊಳಗಿತು. ಲಿಬಿಯಾದ ಕಥೆ ನಂಬಿದವರು ಕುಣಿದರು. ಗುಂಡಿಯಿಂದ ಬಂದವರು ಮಾತ್ರ ಆ ಹಾಡು ಕೇಳಿದೊಡನೆ ಎದ್ದು ಹೋಗುತ್ತಿದ್ದರು. ಅವ್ವ ಸೆರಗನ್ನು ಕಿವಿಗೆ ತುರುಕಿಕೊಳ್ಳುತ್ತಿದ್ದಳು. ರೈಶಾ ಎದ್ದು ಹೋಗುವವರನ್ನು ಎಣಿಸುತ್ತಿದ್ದಳು.

ಈಗ, ಹಾಜಿಯ ಮಗಳ ಮದುವೆಯ ಮೂರನೆಯ ದಿನ, ಚಪ್ಪರದ ಮೂಲೆಯಲ್ಲಿ ಅಘಾಲಿ ಸ್ಪೀಕರುಗಳಿಗೆ ವೈರು ಸಿಕ್ಕಿಸುತ್ತಿದ್ದ. ಕಮ್ಮಾರರ ಕುಲದವನು. ಸಂತೆಯಲ್ಲಿ ಫೋನಿಗೆ ಹಾಡು ತುಂಬಿಕೊಡುವ ಅಂಗಡಿ, ಮದುವೆಗಳಿಗೆ ಡಿಜೆ. ದೊಡ್ಡವರು ಆಡಲಾಗದ ಮಾತನ್ನು ಕಮ್ಮಾರರು ಆಡಬಹುದು, ಅವರಿಗೆ ನಾಚಿಕೆಯಿಲ್ಲವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಕಮ್ಮಾರರಿಗೂ ಅದು ಅನುಕೂಲವೇ.

ರೈಶಾ ಚಹಾ ಕೊಡುವ ನೆಪದಲ್ಲಿ ಹತ್ತಿರ ಹೋದಳು. “ಆ ಹಾಡು ಹಾಕ್ತೀಯಾ?”

“ಮದವಣಗಿತ್ತಿನೇ ಯೋಳಿ ಕಳ್ಸವ್ಳೆ. ಆದ್ರೆ ನಂಗ್ಯಾಕೋ ಬ್ಯಾಡ ಅನ್ನುಸ್ತದೆ ಕಣಕ್ಕ.”

“ಯಾಕ್ಲಾ? ನಮ್ಮಣ್ಣ ಲಿಬಿಯಾದಲ್ಲವ್ನೆ. ಬದುಕಿರೋನ ಹೆಸ್ರು ಕರುದ್ರೆ ಯಾವೋನಪ್ಪನ ಗಂಟು ಓಯ್ತದೆ?”

ಅಘಾಲಿ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. “ನಿಂಗ್ ಗೊತ್ತಿಲ್ವಾ?”

“ನಂಗೇನ್ ಗೊತ್ತು? ಹಾಜಿ ಬುದ್ದೀರು ಯೋಳವ್ರೆ.”

ಅವನು ಚಹಾ ಕುಡಿದು ಮುಗಿಸಿದ. ಆಮೇಲೆ ನಕ್ಕ, ಹಲ್ಲಿನಲ್ಲಿ ಮಾತ್ರ. “ಭಲೇ ಕಿತಾಪತಿ ಹೆಂಗ್ಸು ಕಣಕ್ಕ ನೀನು. ನಮ್ ಕುಲದಲ್ಲಿ ಹುಟ್ಬೇಕಿತ್ತು.”

ಮಧ್ಯಾಹ್ನದ ನಮಾಜ್ ಮುಗಿಯಿತು. ಕುರಿ ಬೆಂದಿತ್ತು. ಚಪ್ಪರದ ಕೆಳಗೆ ನೀಲಿ ಮಿರುಗುವ ಮುಸುಕುಗಳು ಸಾಲು ಹಿಡಿದಿದ್ದವು. ನಡುವಿನ ಸೋಫಾದಲ್ಲಿ ಹಾಜಿ, ಒಂದು ಪಕ್ಕ ಮೌಲ್ವಿ, ಇನ್ನೊಂದು ಪಕ್ಕ ಠಾಣಾಧಿಕಾರಿ. ಗುಂಡಿಯ ಆಳುಗಳನ್ನು ಬಡಿಸಲು ಕರೆಸಿದ್ದರು. ಗೂಸ್ಮಾನ್ ಮಾಂಸದ ತಟ್ಟೆ ಹೊತ್ತಿದ್ದ.

ಮೊದಲು ಗಿಟಾರ್ ಬಂತು. ಬಾರ್ಕಾನ ಹೆಬ್ಬೆರಳು ಕೆಳಗಿನ ತಂತಿಯನ್ನು ಒಂಟೆಯ ನಡಿಗೆಯಂತೆ ಮೀಟುತ್ತಿತ್ತು. ಅದರ ಮೇಲೆ ಯಂತ್ರದ ಡೋಲು ಬಿತ್ತು. ಹುಡುಗರು ಕೇಕೆ ಹಾಕುತ್ತ ನುಗ್ಗಿದರು.

ಬಾರ್-ಬಾರ್-ಬಾರ್-ಬಾರ್ಕಾ!

ಗೂಸ್ಮಾನ್ ನಿಂತಲ್ಲೇ ನಿಂತ. ಒಲೆಯ ಬಳಿ ಅವ್ವ ಕೈಗೆ ಸಿಕ್ಕ ಬಟ್ಟೆಯನ್ನು ಕಿವಿಗೆ ತುರುಕಿಕೊಂಡು ಕೂತಳು. ಅವಳಿಗೆ ರೈಶಾ ಏನೂ ಹೇಳಿರಲಿಲ್ಲ. ಹೇಳಬೇಕಿತ್ತು ಎಂದು ಆ ಕ್ಷಣ ಅನಿಸಿತು. ಆದರೆ ಕಣ್ಣನ್ನು ಹಾಜಿಯಿಂದ ಕೀಳಲಿಲ್ಲ.

ಹಾಜಿಯ ಲೋಟ ಬಾಯಿಗೂ ಎದೆಗೂ ನಡುವೆ ನಿಂತಿತ್ತು. ಇವನು ಜೀತದವರ ಹಾಡನ್ನು ಜೀವಮಾನದಲ್ಲಿ ಕಿವಿಗೊಟ್ಟು ಕೇಳಿದವನಲ್ಲ, ಕಾರಿನ ಗಾಜು ಏರಿಸಿಕೊಂಡೇ ತಿರುಗಿದವನು. ಈಗ ಗಾಜಿರಲಿಲ್ಲ. ಮಗಳು ಹತ್ತು ಮಾರು ಆಚೆಯ ಗುಡಾರದಲ್ಲಿ ಮದರಂಗಿಯ ಕಾಲು ಚಾಚಿ ಕೂತಿದ್ದಳು. ಸ್ಪೀಕರುಗಳು ಸತ್ತವನನ್ನು ಅವಳ ಬಾಗಿಲಿಗೇ ಕರೆಯುತ್ತಿದ್ದವು, ಒಂದಲ್ಲ ಎರಡಲ್ಲ.

“ಈ ಹಾಡು ನಮ್ಮ ಠಾಣೆ ಹುಡುಗರೂ ಹಾಕ್ತಾರೆ,” ಎಂದ ಅಧಿಕಾರಿ, ಬೂಟು ಕುಟ್ಟುತ್ತ.

“ನಿಲ್ಸೋ,” ಎಂದ ಹಾಜಿ.

ಬಾರ್-ಬಾರ್-ಬಾರ್-ಬಾರ್ಕಾ!

“ನಿಲ್ಸೋ ಸೂಳೆಮಗನೇ!”

ಅಘಾಲಿ ಕಿವಿಗೆ ಕೈ ಅಡ್ಡ ಹಿಡಿದ. “ಯಾಕ್ ಬುದ್ದಿ? ಮದವಣಗಿತ್ತಿಯೇ ಕೇಳವ್ರೆ!”

“ನನ್ ಮಗ್ಳ ಮದ್ವೇಲಿ ಸತ್ತೋನ ಹೆಸ್ರ ಕೂಗುಸ್ತೀಯೇನೋ ಕಮ್ಮಾರ ನಾಯಿ! ಸತ್ತೋನ್ನ ಕರೀಬ್ಯಾಡ್ರೋ ನನ್ ಮನೆಗೆ!”

ಅಘಾಲಿ ಹಾಡು ನಿಲ್ಲಿಸಿದ. ಇಂಥ ಮಾತಿನ ಮೇಲೆ ಬರುವ ಮಾತು ಎಲ್ಲರಿಗೂ ಕೇಳಿಸುವುದು ಒಳ್ಳೆಯದೆಂದು ಅವನ ಲೆಕ್ಕ. ಜನರೇಟರಿನ ಗುರುಗುಟ್ಟು ಮಾತ್ರ ಉಳಿಯಿತು.

ರೈಶಾ ಹೆಂಗಸರ ಸಾಲು ದಾಟಿ ಸೋಫಾದ ಎದುರಿಗೆ ಬಂದಳು. ಆ ಜಾಗದಲ್ಲಿ ಅವಳ ಕುಲದವರು ತಟ್ಟೆಯಿಲ್ಲದೆ ನಿಂತದ್ದೇ ಇಲ್ಲ.

“ಯಾವತ್ ಸತ್ತ, ಬುದ್ದಿ?”

ಹಾಜಿ ಬಾಯಿ ತೆರೆದ. “ಅಂದ್ರೆ… ಲಿಬಿಯಾದಲ್ಲಿ… ಸತ್ತಿರ್ಬೇಕು ಅಂತ…”

“ಸುದ್ದಿ ಯಾರ್ ತಂದ್ರು? ತಂದೋರು ತಾಯಿಗ್ ಯೋಳ್ದೆ ನಿಮಗ್ಯಾಕ್ ಯೋಳುದ್ರು?”

“ಏಯ್, ಯಾರ್ ಮುಂದೆ ಮಾತಾಡ್ತಿದ್ದೀಯೇ ಮುಂಡೇ!”

“ಗುಂಡೀಲವ್ನೆ,” ಎಂದ ಗೂಸ್ಮಾನ್. ತಟ್ಟೆಯನ್ನು ನಿಧಾನವಾಗಿ ನೆಲದ ಮೇಲೆ ಇಟ್ಟ. “ಎರಡನೇ ಗುಂಡೀಲಿ. ಮುಚ್ಚಿದ್ದು ನಾನೇ. ಮಣ್ಣೊಳಗಿಂದ ಅರ್ಧ ದಿನ ಸದ್ದು ಬತ್ತಿತ್ತು.”

ಅಧಿಕಾರಿ ತನ್ನ ತಟ್ಟೆಯಲ್ಲಿದ್ದ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಬರ್ಕಳಿ ಸ್ವಾಮಿ,” ಎಂದಳು ರೈಶಾ.

“ಇವತ್ತು ಮದುವೆ ಕಣಮ್ಮ. ಸೋಮವಾರ ಬಾ.”

ಆಗ ರೈಶಾ ಎಣಿಸಿರದ ಒಂದು ನಡೆಯಿತು. ಕುಣಿಯುತ್ತಿದ್ದ ಹುಡುಗರು ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ಜೇಬಿನಿಂದ ಫೋನು ತೆಗೆದರು. ಸತ್ತವನೆಂದು ಗೊತ್ತಾದ ಮೇಲೆ ಆ ಹೆಸರನ್ನು ಜೇಬಿನಲ್ಲಿ ಹೊತ್ತು ತಿರುಗುವಂತಿಲ್ಲ. ಮರ್ಯಾದೆ ಗೊತ್ತಿದ್ದ ಹುಡುಗರು. ಹೆಬ್ಬೆರಳಿನಿಂದ ಹಾಡನ್ನು ಅಳಿಸತೊಡಗಿದರು. ಬಾರ್ಕಾನ ಗಿಟಾರ್ ಆ ಚಪ್ಪರದ ಕೆಳಗೆ ಒಂದು, ನಾಲ್ಕು, ಹತ್ತು ಕಡೆ ಇಲ್ಲವಾಯಿತು.

“ಅಳುಸ್ಬ್ಯಾಡ್ರೋ!” ಎಂದು ಚೀರಿದಳು ರೈಶಾ. “ಅಗ್ದು ಆಚೆಗ್ ತೆಗ್ಯೋಗಂಟ ಯಾರೂ ಅಳುಸ್ಬ್ಯಾಡಿ!”

ಬೆರಳುಗಳು ನಿಂತವು. ಆದರೆ ಯಾರೂ ತಲೆಯೆತ್ತಲಿಲ್ಲ. ಅಘಾಲಿಯ ಕೈಯೂ ಲ್ಯಾಪ್‌ಟಾಪಿನಿಂದ ಹಿಂದೆ ಸರಿದಿತ್ತು. ಕಮ್ಮಾರನ ನಾಚಿಕೆಗೇಡಿತನಕ್ಕೂ ಒಂದು ಗಡಿಯಿತ್ತು ಎಂಬುದು ಅವನಿಗೂ ಅವತ್ತೇ ಗೊತ್ತಾಗಿರಬೇಕು.

ಒಲೆಯ ಬಳಿಯಿಂದ ಅವ್ವ ಎದ್ದು ಬಂದಳು. ಕಿವಿಗೆ ತುರುಕಿದ್ದ ಬಟ್ಟೆಯನ್ನು ಎಳೆದು ಎಸೆದಿದ್ದಳು. ನೇರ ಲ್ಯಾಪ್‌ಟಾಪಿನ ಮುಂದೆ ನಿಂತಳು.

“ಹಾಕ್ಲಾ ಮಗಾ.”

“ಅವ್ವಾ, ಹೆಸ್ರು…”

“ನಾನ್ ಮಡುಗಿದ್ ಹೆಸ್ರು ಕಣ್ಲಾ ಅದು. ನಾನ್ ಯೋಳ್ತಿವ್ನಿ, ಹಾಕು. ಬಂದ್ರೆ ಬರ್ಲಿ ನನ್ ಮಗ.”

ಅಘಾಲಿ ಹಾಕಿದ. ಗಿಟಾರ್ ಬಂತು, ಡೋಲು ಬಿತ್ತು, ಹೆಸರು ಶುರುವಾಯಿತು. ಯಾರೂ ಕುಣಿಯಲಿಲ್ಲ. ಯಾರೂ ಹೋಗಲೂ ಇಲ್ಲ. ಕುಣಿತದ ಹಾಡಿಗೆ ಇನ್ನೂರು ಜನ ಕಂಬಗಳಂತೆ ನಿಂತು ಸೋಫಾದ ಕಡೆ ನೋಡುತ್ತಿದ್ದರು. ಹಾಜಿ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡ. ಪಕ್ಕದಲ್ಲಿ ಮೌಲ್ವಿಯ ಜಾಗ ಯಾವಾಗಲೋ ಖಾಲಿಯಾಗಿತ್ತು. ಅರವತ್ತನಾಲ್ಕನೆಯ ಸಲ ಮುಗಿದಾಗ ಅವ್ವ ತಿರುಗಿಯೂ ನೋಡದೆ ಹೇಳಿದಳು:

“ಇನ್ನೊಂದ್ಸಲ.”